ಬೆಳ್ಳಿಯ ಬೆಲೆ, ಮಾನ್ವಿಯ ಕಂದಾಯ: ರಾಯಚೂರು ಸೀಮೆಯ ಅಮೆರಿಕ ನಂಟಿನ ಮರುಪರಿಶೀಲನೆ

ಹತ್ತೊಂಬತ್ತನೆಯ ಶತಮಾನದಲ್ಲಿ ದಖ್ಖನ್ನಿನ ರೈತನಿಗೂ ಅಮೆರಿಕಕ್ಕೂ ಇದ್ದ ನಂಟನ್ನು ಹತ್ತಿಯ ಮೂಲಕವೇ ವಿವರಿಸುವುದು ವಾಡಿಕೆ. 1861–65ರ ಅಂತರ್ಯುದ್ಧದಲ್ಲಿ ಲ್ಯಾಂಕಾಶೈರಿಗೆ ಅಮೆರಿಕದ ಹತ್ತಿ ನಿಂತು ಇಲ್ಲಿ ಬೆಲೆ ಏರಿತು. ಯುದ್ಧ ಮುಗಿದ ಮೇಲೆ ಬೆಲೆ ಇಳಿದು ಸಾಲ ಉಳಿಯಿತು. 1875ರಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ಆರಂಭವಾದ ಸಾಹುಕಾರ ವಿರೋಧಿ ದಂಗೆಗೂ ಇದೇ ಹಿನ್ನೆಲೆಯನ್ನು ಕೊಡಲಾಗಿದೆ. ಇತಿಹಾಸಕಾರ ರವೀಂದರ್ ಕುಮಾರ್ ಆ ದಂಗೆಯಲ್ಲಿ ಗ್ರಾಮಸಮಾಜದ ಆಳವಾದ ಬಿರುಕನ್ನು ಕಂಡರು. ನೀಲ್ ಚಾರ್ಲ್ಸ್‌ವರ್ತ್ 1972ರಲ್ಲಿ ಅದರ ಮಹತ್ವವನ್ನೇ ಪ್ರಶ್ನಿಸಿದರು. ಆ ಚರ್ಚೆಗೆ ನಾನು ಕೈಹಾಕುವುದಿಲ್ಲ. ಮುಂಬೈ ಪ್ರಾಂತ್ಯಕ್ಕೆ ಹೊಲಿದ ಈ ಅಂಗಿಯನ್ನು ಕೃಷ್ಣಾ–ತುಂಗಭದ್ರೆಯರ ನಡುವಿನ ಸೀಮೆಗೂ ತೊಡಿಸುವುದಕ್ಕೆ ಮಾತ್ರ ನನ್ನ ತಕರಾರಿದೆ.

ರಾಯಚೂರು ಸೀಮೆ 1853ರಲ್ಲಿ ಕಂಪನಿಯ ಕೈಸೇರಿ 1860ರಲ್ಲಿ ನಿಜಾಮರಿಗೆ ಮರಳಿತು. ಮುಂಬೈ ಮತ್ತು ಮದ್ರಾಸಿನ ರೈಲುಹಳಿಗಳು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ, ಅಂದರೆ ಯುದ್ಧಕಾಲದ ಬೆಲೆಯೇರಿಕೆ ಮುಗಿದು ಆರು ವರ್ಷಗಳಾದ ಮೇಲೆ. ಅಲ್ಲಿಯವರೆಗೆ ಮಾನ್ವಿ, ದೇವದುರ್ಗಗಳ ಎರೆಹೊಲದ ಹತ್ತಿ ಬಂಡಿ ಮತ್ತು ಹೇರೆತ್ತುಗಳನ್ನೇ ನಂಬಿತ್ತು. ಬೆಲೆಯೇರಿಕೆ ಇಲ್ಲಿಗೆ ಮುಟ್ಟಲೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಈ ಸೀಮೆಯ ಮಟ್ಟಿಗೆ ಹತ್ತಿಗಿಂತ ಬಿಗಿಯಾದ ಅಮೆರಿಕ ನಂಟು ಬೆಳ್ಳಿಯದು.

ಅಮೆರಿಕ 1873ರಲ್ಲಿ ಬೆಳ್ಳಿ ಡಾಲರಿನ ಮುಕ್ತ ಟಂಕನೆಯನ್ನು ಕೈಬಿಟ್ಟಿತು. ಸಾಲಗಾರ ರೈತರು ಮತ್ತು ಬೆಳ್ಳಿ ಗಣಿಗಳಿದ್ದ ರಾಜ್ಯಗಳ ಒತ್ತಡದಿಂದ 1878ರಲ್ಲಿ ಬ್ಲಾಂಡ್–ಆಲಿಸನ್ ಕಾಯಿದೆ, 1890ರಲ್ಲಿ ಶೆರ್ಮನ್ ಕಾಯಿದೆ ಬಂದವು. ಎರಡನೆಯದರ ಪ್ರಕಾರ ಖಜಾನೆ ತಿಂಗಳಿಗೆ 45 ಲಕ್ಷ ಔನ್ಸ್ ಬೆಳ್ಳಿ ಕೊಳ್ಳಬೇಕಿತ್ತು. ಆ ವರ್ಷ ಲಂಡನ್ನಿನಲ್ಲಿ ಬೆಳ್ಳಿಯ ಬೆಲೆಯೂ ಅದರೊಂದಿಗೆ ರೂಪಾಯಿಯ ವಿನಿಮಯ ದರವೂ ಏರಿ, ಬಹುಬೇಗ ಮತ್ತೆ ಇಳಿದವು. ಶೆರ್ಮನ್ ಕಾಯಿದೆ ರದ್ದಾದೀತೆಂಬ ಭಯವೂ ಸೇರಿ, 1893ರ ಜೂನ್ 26ರಂದು ಭಾರತ ಸರ್ಕಾರ ಬೆಳ್ಳಿಯ ಮುಕ್ತ ಟಂಕನೆಯನ್ನು ನಿಲ್ಲಿಸಿತು. ನವೆಂಬರ್ 1ರಂದು ಆ ಕಾಯಿದೆಯ ಖರೀದಿ ವಿಧಿ ರದ್ದಾಯಿತು.

ವಿವಾದ ಹುಟ್ಟುವುದು ಇಲ್ಲಿಂದ ಮುಂದೆ. ಬ್ರಿಟಿಷ್ ಕಲ್ದಾರ್ ರೂಪಾಯಿ ಅಂದಿನಿಂದ ತನ್ನೊಳಗಿನ ಬೆಳ್ಳಿಗಿಂತ ಹೆಚ್ಚು ಬಾಳತೊಡಗಿತು. 1898ರ ಹೊತ್ತಿಗೆ ಅದು 1 ಶಿಲಿಂಗ್ 4 ಪೆನ್ಸ್‌ಗೆ ಬಂದು ನಿಂತಿತು. ದೇಶೀ ಸಂಸ್ಥಾನಗಳ ನಾಣ್ಯಗಳಿಗೆ ಆ ಆಸರೆ ಇರಲಿಲ್ಲ. ಕಲ್ದಾರಿನೆದುರು ಅವು ಸೋತವು. ನಿಜಾಮರ ಕಂದಾಯದ ಲೆಕ್ಕವಿದ್ದದ್ದು ಅವರದೇ ನಾಣ್ಯವಾದ ಹಾಲಿ ಸಿಕ್ಕಾದಲ್ಲಿ. ಹತ್ತಿಯ ಬೆಲೆ ನಿಗದಿಯಾಗುತ್ತಿದ್ದದ್ದು ಮುಂಬೈಯ ಕಲ್ದಾರಿನಲ್ಲಿ. ಹಾಗಾದರೆ ವಟ್ಟ, ಅಂದರೆ ಕಲ್ದಾರಿಗೆ ಹಾಲಿಯಲ್ಲಿ ತೆರುವ ಹೆಚ್ಚುವರಿ, ಏರಿದಷ್ಟೂ ಅದೇ ಹತ್ತಿಗೆ ಹೆಚ್ಚು ಹಾಲಿ ರೂಪಾಯಿ ಸಿಗಬೇಕು, ಕಂದಾಯದ ಅಂಕಿ ಮಾತ್ರ ಇದ್ದಲ್ಲೇ ಇರಬೇಕು. ತುಂಗಭದ್ರೆಯ ಆಚೆ ದಡದಲ್ಲಿ, ಮದ್ರಾಸ್ ಪ್ರಾಂತ್ಯದ ಆದೋನಿಯ ರೈತನದೂ ಎರೆಹೊಲ, ಅವನದೂ ಹತ್ತಿ. ಆದರೆ ಅವನು ಮಾರುವುದೂ ಕಂದಾಯ ಕಟ್ಟುವುದೂ ದುಬಾರಿ ಕಲ್ದಾರಿನಲ್ಲೇ. ನೆಬ್ರಾಸ್ಕದ ವಿಲಿಯಂ ಜೆನ್ನಿಂಗ್ಸ್ ಬ್ರಯನ್ 1896ರಲ್ಲಿ ಸಾಲಗಾರ ರೈತರ ಪರವಾಗಿ ಬೇಡಿ ಚುನಾವಣೆಯಲ್ಲಿ ಸೋತ ಅಗ್ಗದ ಬೆಳ್ಳಿ ಹಣ, ಒಂದು ಅರ್ಥದಲ್ಲಿ, ಮಾನ್ವಿಯ ರೈತನಿಗೆ ಕೇಳದೆಯೇ ಒದಗಿತ್ತು.

ಈ ಮಾತನ್ನು ಹಿಗ್ಗಿಸಬಾರದು. ಬೆಳೆ ಹೊಲದಲ್ಲಿರುವಾಗಲೇ ಸಾಹುಕಾರನಿಂದ ಮುಂಗಡ ತಂದವನಿಗೆ ವಟ್ಟದ ಲಾಭ ದಕ್ಕಿದ್ದು ಅನುಮಾನ. ಅದು ಸಾಹುಕಾರನ ಗಲ್ಲ ಸೇರಿರಬಹುದು. ರೈಲಿಗೆ ದೂರವಾದ ದೇವದುರ್ಗದಲ್ಲಿ ದಲ್ಲಾಳಿಯ ಪಾಲು ಇನ್ನೂ ದೊಡ್ಡದಿದ್ದೀತು. ಬ್ರಿಟಿಷ್ ಸೀಮೆಯಿಂದ ಬರುವ ಉಪ್ಪು, ಮಿಲ್ ಬಟ್ಟೆಗಳಿಗೆ ಹೆಚ್ಚು ಹಾಲಿ ತೆರಬೇಕಿತ್ತು. ಬರಗಾಲಕ್ಕೆಂದು ಮನೆಯವರು ಕೂಡಿಟ್ಟ ಬೆಳ್ಳಿಯ ಕಡಗ, ಡಾಬುಗಳ ಬೆಲೆಯೂ ಕುಸಿದಿತ್ತು. 1896–97 ಮತ್ತು 1899–1900ರ ಕ್ಷಾಮಗಳಲ್ಲಿ ಅವನ್ನು ಮಾರಬೇಕಾದವರಿಗೆ ಇದು ನೇರ ನಷ್ಟ. ಈ ನಷ್ಟವನ್ನು ಪಕ್ಕದಲ್ಲಿಟ್ಟು ನೋಡದೆ ನನ್ನ ವಾದವನ್ನು ಯಾರೂ ಒಪ್ಪಬಾರದು. ಕಂದಾಯ ಕಟ್ಟಿಯೂ ಮಾರಲು ಹತ್ತಿ ಉಳಿಯುತ್ತಿದ್ದ, ಮುಂಗಡದ ಹಂಗಿಲ್ಲದ ಹಿಡುವಳಿದಾರನಿಗೆ ಮಾತ್ರ ಅದು ಖಚಿತವಾಗಿ ಅನ್ವಯಿಸುತ್ತದೆ.

ಅಂಥವರು ಎಷ್ಟು ಮಂದಿ? 1904ರಲ್ಲಿ ನಿಜಾಮರ ಹೊಸ ನಾಣ್ಯವಾದ ಮಹಬೂಬಿಯಾ ರೂಪಾಯಿ ಬರುವವರೆಗಿನ ದಶಕದಲ್ಲಿ ಆದೋನಿ ಮತ್ತು ರಾಯಚೂರು ಪೇಟೆಗಳ ಹತ್ತಿ ದರಗಳನ್ನು ಎದುರುಬದುರಾಗಿಟ್ಟು, ಸಾಹುಕಾರರ ಕಿರ್ದಿಗಳಲ್ಲಿ ಮುಂಗಡವನ್ನು ಯಾವ ನಾಣ್ಯದಲ್ಲಿ ಬರೆದಿದ್ದಾರೆಂದು ಪರಿಶೀಲಿಸಿದರೆ ಮಾತ್ರ ಈ ಪ್ರಶ್ನೆ ಇತ್ಯರ್ಥವಾದೀತು.