ಬೈತಲೆ ಅಗಲ ಆಗೋದನ್ನ ವೈದ್ಯರು ಯಾವಾಗ ಗುರುತಿಸಿದರು?

ಪುಣೆ, ಹೈದರಾಬಾದ್‌ಗೆ ಬಂದ ನಮ್ಮವರ ಮನೇಲಿ ಒಂದು ಮಾತು ಖಾಯಂ: "ಇಲ್ಲಿನ ನೀರು ಒಗ್ಗಲಿಲ್ಲ, ಕೂದಲೆಲ್ಲ ಉದುರ್ತಿದೆ." ಹೆಂಗಸರ ಕೂದಲು ಉದುರೋದಕ್ಕೆ ಕಾರಣ ಹುಡುಕೋದನ್ನ ವೈದ್ಯರು ಹೇಗೆ ಕಲಿತರು ಅನ್ನೋದು ಇವತ್ತಿನ ವಿಷಯ.

ತಡವಾಗೇ ಕಲಿತರು. ಹೆಂಗಸರು ಬೋಳಾಗಲ್ಲ ಅಂತ ಅರಿಸ್ಟಾಟಲ್ ಬರೆದಿಟ್ಟಿದ್ದ. 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್, ವೃಷಣ ಇಲ್ಲದ ಗಂಡಸರನ್ನು ಪರೀಕ್ಷಿಸಿ, ಬೋಳಾಗೋಕೆ ಗಂಡು ಹಾರ್ಮೋನೂ ಬೇಕು, ವಂಶದ ಗುಣವೂ ಬೇಕು ಅಂತ ತೋರಿಸಿದರು. 1951ರಲ್ಲಿ ಗಂಡಸರ ಬೋಳಿಗೆ ಹಂತಗಳನ್ನೂ ಮಾಡಿದರು. ಹೆಂಗಸರಿಗೆ ಅಂತಲೇ ಇವತ್ತೂ ಬಳಕೆಯಲ್ಲಿರೋ ಮೂರು ಹಂತ ಬಂದಿದ್ದು 1977ರಲ್ಲಿ, ಜರ್ಮನಿಯ ಎರಿಕ್ ಲುಡ್ವಿಗ್ ಅವರಿಂದ. ಹಣೆಯ ಸಾಲು ಹಾಗೇ ಇರುತ್ತೆ, ನಡುನೆತ್ತಿ ತೆಳುವಾಗುತ್ತೆ, ಬೈತಲೆ ಅಗಲ ಆಗುತ್ತೆ. ಗಂಡಸರ ಹಾಗೆ ಹಣೆ ಹಿಂದೆ ಸರಿದಿದೆಯಾ ಅಂತ ನೋಡ್ತಾ ಕೂತರೆ ಇದು ಕಾಣೋದೇ ಇಲ್ಲ. ಲುಡ್ವಿಗ್ ಇದಕ್ಕೂ ಗಂಡು ಹಾರ್ಮೋನಿನ ಹೆಸರೇ ಇಟ್ಟಿದ್ದರು. ಆದರೆ ಎಷ್ಟೋ ಹೆಂಗಸರ ರಕ್ತದಲ್ಲಿ ಆ ಹಾರ್ಮೋನು ಸರಿಯಾಗೇ ಇರುತ್ತೆ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು 1961ರ ಆಲ್ಬರ್ಟ್ ಕ್ಲಿಗ್ಮನ್ ಲೇಖನ. (ಫಿಲಡೆಲ್ಫಿಯಾದ ಕೈದಿಗಳ ಮೇಲೆ ಪ್ರಯೋಗ ಮಾಡಿ ಕೆಟ್ಟ ಹೆಸರು ತಗೊಂಡವರೂ ಇವರೇ, ಅದಕ್ಕೆ ಬೇರೆ ವಿಡಿಯೋನೇ ಬೇಕು.) ಪ್ರತಿ ಕೂದಲೂ ಕೆಲವು ವರ್ಷ ಬೆಳೆದು, ಸುಮಾರು ಮೂರು ತಿಂಗಳು ಸುಮ್ಮನಿದ್ದು, ಆಮೇಲೆ ಬೀಳುತ್ತೆ. ಹೆರಿಗೆ, ಜೋರು ಜ್ವರ, ಆಪರೇಷನ್ ಇಂಥ ಪೆಟ್ಟು ಬಿದ್ದಾಗ ಬೆಳೀತಿದ್ದ ಎಷ್ಟೋ ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ವೆ. ಉದುರೋದು ಎರಡು ಮೂರು ತಿಂಗಳಾದ ಮೇಲೆ. ನನ್ನ ಕೆಲಸದ ಭಾಷೇಲಿ ಹೇಳೋದಾದ್ರೆ, ಎರರ್ ಇವತ್ತು ಬಂತು, ಕಾರಣ ಮೂರು ತಿಂಗಳ ಹಿಂದಿನ ಲಾಗ್‌ನಲ್ಲಿದೆ. ಊರು ಬದಲಾಯಿಸಿದ್ದು ನೆನಪಿರುತ್ತೆ, ಅದಕ್ಕೂ ಮುಂಚೆ ಬಂದ ಡೆಂಗಿ ಮರೆತೇ ಹೋಗಿರುತ್ತೆ.

ಎರಡನ್ನೂ ಬೇರೆ ಮಾಡಲೇಬೇಕು. ಪೆಟ್ಟಿನಿಂದ ಉದುರಿದ್ದು ಸಾಮಾನ್ಯವಾಗಿ ತಾನೇ ವಾಪಸ್ ಬರುತ್ತೆ. ಬೈತಲೆ ಅಗಲ ಆಗೋದು ಸುಮ್ಮನೆ ಬಿಟ್ಟರೆ ಮುಂದುವರೀತಾ ಹೋಗುತ್ತೆ. ಅದಕ್ಕೇ ವೈದ್ಯರು ಐವತ್ತು ಅರವತ್ತು ಕೂದಲು ಹಿಡಿದು ಮೆಲ್ಲಗೆ ಎಳೆದು ನೋಡ್ತಾರೆ, ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಬರೀತಾರೆ. ಮುಟ್ಟು ಏರುಪೇರಾಗಿ ಮುಖದ ಮೇಲೂ ಕೂದಲು ಬರ್ತಿದ್ದರೆ ಪಿಸಿಓಎಸ್ ಇದೆಯಾ ಅಂತಾನೂ ನೋಡಬೇಕು.

ಔಷಧಿಯಲ್ಲೂ ಗಂಡಸರೇ ಮೊದಲು. ಬಿಪಿ ಮಾತ್ರೆಯಾಗಿದ್ದ ಮಿನಾಕ್ಸಿಡಿಲ್ ಅನ್ನ ತಲೆಗೆ ಹಚ್ಚೋಕೆ ಅಮೆರಿಕದಲ್ಲಿ ಗಂಡಸರಿಗೆ 1988ರಲ್ಲಿ, ಹೆಂಗಸರಿಗೆ 1991ರಲ್ಲಿ ಒಪ್ಪಿಗೆ ಸಿಕ್ಕಿತು. ಬಸುರಿಯರು, ಹಾಲೂಡಿಸೋರು ಅದನ್ನ ಕೇಳದೆ ಹಚ್ಚಬೇಡಿ. ಡಾಕ್ಟರ ಹತ್ರ ಹೋಗುವಾಗ ಹಿಂದಿನ ಆರು ತಿಂಗಳ ಜ್ವರ, ಮಾತ್ರೆ, ಡಯಟ್ಟು ಎಲ್ಲ ತಾರೀಖು ಸಮೇತ ಬರೆದುಕೊಂಡು ಹೋಗಿ.