ಹೆಬ್ಬೆಟ್ಟಿನ ಗುರುತು

ಹಳ್ಳಿಯ ಬಾಳಿನಲ್ಲಿ ಗುಟ್ಟೆಂಬುದು ಎಂದೂ ಹೆಚ್ಚಾಗಿ ಇದ್ದುದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿಯೂ ಯಾರ ಹೊಲವೆಷ್ಟು, ಯಾರ ಕಂದಾಯ ಬಾಕಿ ಎಂಬುದನ್ನು ಶಾನುಭೋಗರ ಕಡತವೂ ಬಲ್ಲದು, ಜಗಲಿಯ ಮಾತೂ ಬಲ್ಲದು. ಆದರೆ ಬಲ್ಲವನು ಯಾರೆಂಬುದು ಊರಿಗೆಲ್ಲ ತಿಳಿದಿತ್ತು. ಅವನನ್ನು ತಡೆದು ಕೇಳಬಹುದಿತ್ತು. 1961ರ ಶಾಸನದಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಯಿತು. ಮುಂದೆ ‘ಭೂಮಿ’ ಯೋಜನೆಯಲ್ಲಿ ಪಹಣಿ ಗಣಕಯಂತ್ರವನ್ನು ಸೇರಿತು. ಅದರಿಂದ ರೈತನಿಗಾದ ಉಪಕಾರ ಸಣ್ಣದಲ್ಲ.

2010ರಲ್ಲಿ ಆಧಾರ್ ನೋಂದಣಿಗೆ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದವು ಮೈಸೂರು ಮತ್ತು ತುಮಕೂರು ಜಿಲ್ಲೆಗಳು. ಹತ್ತು ಬೆರಳುಗಳ ಗುರುತನ್ನೂ ಕಣ್ಣುಗಳ ಚಿತ್ರವನ್ನೂ ಜನ ಕೊಟ್ಟರು. ಇಚ್ಛೆಯಿದ್ದವರಿಗೆ ಮಾತ್ರ ಎನ್ನಲಾದ ಸಂಖ್ಯೆಯನ್ನು ಕ್ರಮೇಣ ಅಡುಗೆ ಅನಿಲ, ಪಡಿತರ, ಬ್ಯಾಂಕು, ದೂರವಾಣಿ ಎಲ್ಲವೂ ಕೇಳತೊಡಗಿದವು. ಒಂದು ಕಾರ್ಯಕ್ಕೆಂದು ಪಡೆದುದನ್ನು ಮತ್ತೊಂದಕ್ಕೆ ಬಳಸಬಹುದೇ? ನೈತಿಕ ಪ್ರಶ್ನೆ ಇರುವುದು ಇಲ್ಲಿಯೇ, ಯಂತ್ರದಲ್ಲಲ್ಲ.

ಈ ಯೋಜನೆಯನ್ನು 2012ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಆಗ ಅವರಿಗೆ ಎಂಬತ್ತಾರರ ವಯಸ್ಸು. ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರ 1954ರ ಎಂಟು ನ್ಯಾಯಮೂರ್ತಿಗಳ ತೀರ್ಪನ್ನು ಮುಂದೊಡ್ಡಿತು. ಆದುದರಿಂದಲೇ ಒಂಬತ್ತು ಮಂದಿಯ ಪೀಠ ಕೂಡಬೇಕಾಯಿತು. 2017ರ ಆಗಸ್ಟ್ 24ರಂದು ಆ ಪೀಠ ಅದು ಮೂಲಭೂತ ಹಕ್ಕೇ ಎಂದು ಒಮ್ಮತದಿಂದ ಸಾರಿತು. ಮರುವರ್ಷ ಸೆಪ್ಟೆಂಬರ್ 26ರಂದು ಐವರ ಪೀಠ ಬಹುಮತದಿಂದ ಆಧಾರ್ ಅನ್ನು ಎತ್ತಿಹಿಡಿಯಿತಾದರೂ, ಬ್ಯಾಂಕ್ ಖಾತೆಗೂ ದೂರವಾಣಿಗೂ ಅದನ್ನು ಕಡ್ಡಾಯ ಮಾಡಲಾಗದೆಂದಿತು. ಗೆದ್ದೂ ಪೂರ್ತಿ ಗೆಲ್ಲದ ವ್ಯಾಜ್ಯವೆಂದೇ ಹೇಳಬೇಕು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಹೆಬ್ಬೆಟ್ಟಿನ ಇನ್ನೊಂದು ಅಪಾಯ ಹೊರಬಿದ್ದಿತ್ತು. ನೋಂದಾಯಿತ ಕ್ರಯಪತ್ರಗಳ ಪ್ರತಿಗಳಲ್ಲಿದ್ದ ಬೆರಳಚ್ಚನ್ನು ವಂಚಕರು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಪರರ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ರಾಜ್ಯದಲ್ಲಿ ಬೆಳಕಿಗೆ ಬಂದವು. ಬಳಿಕ ಅಂತಹ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಕ್ರಮ ಬಂದಿತು. ಗುಪ್ತಸಂಖ್ಯೆ ಕಳುವಾದರೆ ಬದಲಿಸಬಹುದು, ಬೆರಳನ್ನು ಬದಲಿಸುವುದೆಂತು?

ತನ್ನ ಬೆರಳ ಗುರುತಿಗೆ ತಾನೇ ಬೀಗ ಹಾಕಿಕೊಳ್ಳುವ ಸೌಲಭ್ಯ ಈಗ ಆಧಾರ್‌ನಲ್ಲಿದೆ. ಅದಕ್ಕೆ ನೋಂದಾಯಿತ ಮೊಬೈಲ್ ಕೈಯಲ್ಲಿರಬೇಕು, ಅದಕ್ಕೆ ಬರುವ ಸಂಖ್ಯೆಯನ್ನು ಓದಲು ಬರಬೇಕು. ಓದು ಬಾರದೆ ಹೆಬ್ಬೆಟ್ಟನ್ನೇ ಸಹಿಯಾಗಿಸಿಕೊಂಡ ಮುದುಕಿ ಆ ಬೀಗ ಹಾಕಿಸಲು ತನ್ನ ಮೊಬೈಲನ್ನು ಮತ್ತೊಬ್ಬರ ಕೈಗೆ ಕೊಡಬೇಕಾಗುತ್ತದೆ.