ತುಮಕೂರು ಸೀಮೆಯ ಕ್ಷಯಶೋಧನೆ

ಹಾಗಲವಾಡಿಯೆಂದರೆ ಪಾಳೆಯಗಾರರು, ಗುಬ್ಬಿಯೆಂದರೆ ವೀರಣ್ಣನವರ ನಾಟಕ, ಕುಣಿಗಲೆಂದರೆ ಕೆರೆ ನಮಗೆ ನೆನಪಾಗುವುವು. ಈ ಊರುಗಳನ್ನೊಳಗೊಂಡ ತುಮಕೂರು ಜಿಲ್ಲೆಯೇ ಇಡೀ ದೇಶದ ಕ್ಷಯನಿವಾರಣೆಯ ಯೋಜನೆಗೆ ತಳಹದಿಯಾಯಿತೆಂಬುದನ್ನು ಬಲ್ಲವರು ವಿರಳ.

1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1960-61ರಲ್ಲಿ ಈ ಜಿಲ್ಲೆಯಲ್ಲಿ ಎಕ್ಸ್-ರೇ ಮೊದಲಾದ ಪರೀಕ್ಷೆಗಳಿಂದ ರೋಗಿಗಳನ್ನು ಎಣಿಸಿತು. ಹಳ್ಳಿಗರಿಗೆ ತಿಳಿವಳಿಕೆ ಸಾಲದು, ಮನೆಮನೆಗೆ ಹೋಗಿ ಹುಡುಕದೆ ರೋಗಿಯು ಸಿಕ್ಕನು ಎಂಬುದು ಅಂದಿನ ಅನೇಕ ಪಂಡಿತರ ಊಹೆಯಾಗಿದ್ದಿತು. ಸಂಸ್ಥೆಯ ಬ್ಯಾನರ್ಜಿ, ಆಂಡರ್ಸನ್ ಎಂಬಿಬ್ಬರು ಹಾಗೆ ಊಹಿಸಿ ಕುಳಿತಿರಲಿಲ್ಲ. ಎಣಿಕೆಯಲ್ಲಿ ಕಂಡ ರೋಗಿಗಳನ್ನೇ ವಿಚಾರಿಸಿದರು. ಬಹುಮಂದಿಗೆ ತಮ್ಮ ಕೆಮ್ಮು ಜ್ವರಗಳ ಅರಿವು ಚೆನ್ನಾಗಿಯೇ ಇದ್ದಿತು. ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿ ಅವರಿಗೆ ಸಾಮಾನ್ಯವಾಗಿ ದೊರೆತುದು ಕೆಮ್ಮಿನ ಔಷಧದ ಸೀಸೆ! ತಿಳಿವಳಿಕೆಯ ಕೊರತೆ ಯಾರದೆಂಬುದನ್ನು ಶ್ರೋತೃಗಳೇ ನಿರ್ಣಯಿಸಬಹುದು.

ಅದೇ ಸಂಸ್ಥೆಯಲ್ಲಿ ವಾಲರ್ ಮೊದಲಾದವರು, ಯಾವ ಉಪಾಯದಿಂದ ರೋಗವು ಮುಂದೆ ಎಷ್ಟು ಇಳಿದೀತೆಂಬುದನ್ನು ಗಣಿತದಿಂದ ಮುಂಗಾಣಲು ತೊಡಗಿದ್ದರು. ಅವರ ಲೇಖನವು 1962ರಲ್ಲಿ ಪ್ರಕಟವಾಯಿತು. ಅದೇ ವರ್ಷ ರೂಪುಗೊಂಡ ರಾಷ್ಟ್ರೀಯ ಕಾರ್ಯಕ್ರಮವು ಪ್ರತ್ಯೇಕ ಪಡೆಯನ್ನು ಹಳ್ಳಿಗಟ್ಟುವ ಮಾರ್ಗವನ್ನು ಹಿಡಿಯಲಿಲ್ಲ. ಸೀಸೆ ಕೊಟ್ಟು ಕಳುಹಿಸುತ್ತಿದ್ದ ಸಾಮಾನ್ಯ ಆಸ್ಪತ್ರೆಗಳಿಗೇ, ಕೆಮ್ಮುತ್ತ ಬಂದವರ ಕಫವನ್ನು ಸೂಕ್ಷ್ಮದರ್ಶಕದಿಂದ ನೋಡುವ ಕೆಲಸವನ್ನು ಒಪ್ಪಿಸಿತು.